ಕಟ್ಟಡದ ಕಾಗದ ಕಾಯುವವರು

ಕಳೆದ ಮಾಘಮಾಸದಲ್ಲಿ ನನ್ನ ತಂಗಿಯ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ ನಡೆಯಿತು. ಉಪ್ಪಿಟ್ಟು ಕೇಸರಿಬಾತುಗಳ ಉಪಚಾರವಾದ ಮೇಲೆ ವರನ ಅಜ್ಜಿಯವರು ಹುಡುಗಿಯನ್ನು ತಮ್ಮ ಪಕ್ಕದಲ್ಲಿ ಕುಳ್ಳಿರಿಸಿಕೊಂಡು, "ಏನು ಕೆಲಸ ಮಾಡುತ್ತೀಯಮ್ಮ?" ಎಂದು ವಿಚಾರಿಸಿದರು.

"ಡಾಕ್ಯುಮೆಂಟ್ ಕಂಟ್ರೋಲರ್ ಅಜ್ಜಿ, ಕಟ್ಟಡ ಕಟ್ಟುವ ಕಡೆ."

"ಹಾಗೆಂದರೇನು ತಾಯಿ?"

"ಕಟ್ಟಡದ ನಕ್ಷೆ, ಕಾಗದ, ಪತ್ರಗಳನ್ನೆಲ್ಲ ನೋಡಿಕೊಳ್ಳುವುದು."

"ಗುಮಾಸ್ತೆ ಕೆಲಸ ಅನ್ನು" ಎಂದರು ಅಜ್ಜಿಯವರು. ಅವರ ದನಿಯಲ್ಲಿ ಸ್ವಲ್ಪ ನಿರಾಶೆಯಿದ್ದಿತು; ಹುಡುಗಿ ಇಂಜಿನಿಯರೆಂದು ಯಾರೋ ಅವರಿಗೆ ಹೇಳಿದ್ದಿರಬೇಕು.

"ಗುಮಾಸ್ತರು ಕಾಗದವನ್ನು ಕೂಡಿಡುತ್ತಾರೆ ಅಜ್ಜಿ. ನಾನು ಕೊಟ್ಟ ಕಾಗದವನ್ನು ಹಿಂದಕ್ಕೆ ಕಿತ್ತುಕೊಳ್ಳುತ್ತೇನೆ" ಎಂದಳು ನನ್ನ ಸೋದರ ಸೊಸೆ. ಎಲ್ಲರೂ ನಕ್ಕರು. ಸಂಬಂಧವೂ ಕೂಡಿಬಂದಿತು. ಆದರೆ ಆ ಮಾತು ಮಾತ್ರ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಕಾಗದ ಕಿತ್ತುಕೊಳ್ಳುವುದಕ್ಕೆ ಸಂಬಳ ಕೊಡುವವರು ಯಾರು? ಏತಕ್ಕಾಗಿ ಕೊಡುತ್ತಾರೆ? ಇದನ್ನು ತಿಳಿಯಬೇಕೆಂಬ ಕುತೂಹಲದಿಂದ ಒಂದು ಶನಿವಾರ ಆಕೆಯ ಕಚೇರಿಯನ್ನು ನೋಡಲು ಹೋದೆನು. ಆ ದಿನ ಕಂಡದ್ದನ್ನೂ, ಆಮೇಲೆ ಓದಿ ತಿಳಿದದ್ದನ್ನೂ, ಅದರಿಂದ ನನ್ನ ಮನೆಯಲ್ಲಿಯೇ ಉಂಟಾದ ಒಂದು ಪೇಚನ್ನೂ ವಾಚಕರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ನಗರದ ಹೊರವಲಯದಲ್ಲಿ ಏಳುತ್ತಿದ್ದ ಬಹುಮಹಡಿಯ ಕಟ್ಟಡವದು. ಬುಡದಲ್ಲಿ ತಗಡಿನ ಸಾಲು ಕೊಠಡಿಗಳು. ಅವುಗಳಲ್ಲೊಂದರ ಬಾಗಿಲ ಮೇಲೆ ಆಕೆಯ ಶಾಖೆಯ ಹೆಸರು. ಒಳಗೆ ಎರಡು ಕಂಪ್ಯೂಟರು, ನಕ್ಷೆಗಳನ್ನು ಸುರುಳಿ ಸುರುಳಿಯಾಗಿ ಅಚ್ಚು ಹಾಕಿ ಹೊರಕ್ಕೆ ಬಿಡುವ ಒಂದು ಯಂತ್ರ, ಗೋಡೆಯುದ್ದಕ್ಕೂ ಕಪಾಟು, ಮೇಜಿನ ಮೇಲೆ ಅಂಚೆ ಕಚೇರಿಯಲ್ಲಿರುವಂತೆ ಐದಾರು ರಬ್ಬರು ಮೊಹರುಗಳು. ಹೊರಗೆ ಕ್ರೇನಿನ ಗಲಾಟೆ, ಕಬ್ಬಿಣದ ಸದ್ದು, ಸಿಮೆಂಟಿನ ಧೂಳು. ಇಷ್ಟು ದೊಡ್ಡ ಗದ್ದಲಕ್ಕೆ ಅಪ್ಪಣೆ ಹೊರಡುವುದು ಈ ಪುಟ್ಟ ಕೊಠಡಿಯಿಂದಲೇ ಎಂದು ಮೊದಲ ನೋಟಕ್ಕೆ ಯಾರಿಗೂ ತೋರುವಂತಿರಲಿಲ್ಲ.

ನಮ್ಮ ಕಾಲದ ಮನೆಗಳಿಗೆ ಒಂದು ನಕ್ಷೆ ಸಾಕಾಗುತ್ತಿತ್ತು. ಅನೇಕ ಮನೆಗಳು ಅದೂ ಇಲ್ಲದೆ ಮೇಸ್ತ್ರಿಯ ದಾರ ಮತ್ತು ಮಟ್ಟಗೋಲುಗಳ ಬಲದಿಂದಲೇ ಎದ್ದಿವೆ. ಈಗಿನ ದೊಡ್ಡ ಕಟ್ಟಡದ ನಕ್ಷೆಗಳಾದರೋ ಸಾವಿರಗಳಲ್ಲಿ ಎಣಿಸತಕ್ಕವು. ಗೋಡೆ ಬಾಗಿಲುಗಳನ್ನು ತೋರಿಸುವವು ಬೇರೆ, ಕಂಬ ತೊಲೆಗಳ ಕಂಬಿಗಳನ್ನು ತೋರಿಸುವವು ಬೇರೆ. ನೀರು, ಚರಂಡಿ, ವಿದ್ಯುತ್ತು, ಲಿಫ್ಟು, ಬೆಂಕಿ ಆರಿಸುವ ಕೊಳವೆ, ಇವಕ್ಕೆಲ್ಲ ಪ್ರತ್ಯೇಕ ಪ್ರತ್ಯೇಕ. ಒಂದೊಂದು ಮಹಡಿಗೂ ಒಂದೊಂದು ಕಂತೆ. ಇವನ್ನು ಬರೆಯುವವರು ಒಂದೇ ಕಚೇರಿಯವರಲ್ಲ; ವಾಸ್ತುಶಿಲ್ಪಿಗಳು ಒಂದು ಊರಿನಲ್ಲಿ, ಕಂಬಗಳ ಲೆಕ್ಕ ಹಾಕುವವರು ಇನ್ನೊಂದು ಊರಿನಲ್ಲಿ, ಲಿಫ್ಟಿನ ಕಂಪೆನಿ ಮತ್ತೊಂದು ದೇಶದಲ್ಲಿ. ಇಷ್ಟೇ ಆಗಿದ್ದರೆ ಕಪಾಟುಗಳನ್ನು ಹೆಚ್ಚಿಸಿದರೆ ತೀರುತ್ತಿತ್ತು. ತೊಡಕೇನೆಂದರೆ, ಒಂದು ನಕ್ಷೆ ಒಮ್ಮೆ ಬರೆದಂತೆ ಕಡೆಯವರೆಗೂ ನಿಲ್ಲುವುದಿಲ್ಲ. ಚರಂಡಿಯ ಕೊಳವೆಗೆ ತೊಲೆ ಅಡ್ಡ ಬರುತ್ತದೆ. ಲಿಫ್ಟಿನ ಕಂಪೆನಿಯವರು ಗುಂಡಿ ಇನ್ನೂ ಆಳವಾಗಿರಬೇಕೆನ್ನುತ್ತಾರೆ. ಯಜಮಾನರಿಗೆ ಕಿಟಕಿಯ ಸ್ಥಳ ಹಿಡಿಸುವುದಿಲ್ಲ. ಪ್ರತಿಯೊಂದು ಬದಲಾವಣೆಗೂ ಆ ನಕ್ಷೆಯನ್ನು ತಿದ್ದಿ ಹೊಸದಾಗಿ ಹೊರಡಿಸಬೇಕು. ಹೀಗೆ ಒಂದೇ ಹಾಳೆಗೆ ನಾಲ್ಕು, ಐದು, ಕೆಲವೊಮ್ಮೆ ಹತ್ತು ಅವತಾರಗಳು. ಇವನ್ನು ಅವರು ರಿವಿಜನ್ನು ಎನ್ನುತ್ತಾರೆ; ನಾವು ಪರಿಷ್ಕರಣವೆನ್ನೋಣ.

ಹಾಳೆಯ ಬಲಗಡೆಯ ಕೆಳಮೂಲೆಯಲ್ಲಿ ಒಂದು ಚೌಕವಿರುತ್ತದೆ. ನಕ್ಷೆಯ ಜಾತಕವೆಲ್ಲ ಅದರಲ್ಲಿದೆ: ಯಾವ ಕಟ್ಟಡ, ಯಾವ ಮಹಡಿ, ಬರೆದವರು ಯಾರು, ಪರೀಕ್ಷಿಸಿದವರು ಯಾರು, ಒಪ್ಪಿಗೆ ಕೊಟ್ಟವರು ಯಾರು, ಎಷ್ಟನೆಯ ಪರಿಷ್ಕರಣ, ಯಾವ ದಿನದ್ದು. ಹಾಳೆಯ ಸಂಖ್ಯೆಯು ಎಂದಿಗೂ ಬದಲಾಗತಕ್ಕದ್ದಲ್ಲ. ಪರಿಷ್ಕರಣದ ಗುರುತು ಮಾತ್ರ ಮುಂದೆ ಸಾಗುತ್ತದೆ. ಅನೇಕ ಕಡೆಗಳಲ್ಲಿ ಇನ್ನೂ ಚರ್ಚೆಯಲ್ಲಿರುವ ನಕ್ಷೆಗಳಿಗೆ ಎ, ಬಿ, ಸಿ ಎಂಬ ಅಕ್ಷರಗಳನ್ನೂ, ಕಟ್ಟುವುದಕ್ಕೆ ಅಪ್ಪಣೆಯಾದವುಗಳಿಗೆ ೦, ೧, ೨ ಎಂಬ ಅಂಕೆಗಳನ್ನೂ ಹಾಕುವ ವಾಡಿಕೆಯುಂಟು. ಹೊಸದಾಗಿ ಬದಲಾದ ಭಾಗವನ್ನು ಮೋಡದ ಅಂಚಿನಂತಹ ಗೆರೆಯಿಂದ ಸುತ್ತಿ, ಪಕ್ಕದಲ್ಲಿ ಸಣ್ಣ ತ್ರಿಕೋಣವನ್ನು ಬರೆದು ಅದರೊಳಗೆ ಪರಿಷ್ಕರಣದ ಅಂಕೆಯನ್ನಿಡುತ್ತಾರೆ. ಹೀಗೆ ಮಾಡದಿದ್ದರೆ ೮೪೧ ಮಿಲಿಮೀಟರು ಉದ್ದ ೫೯೪ ಮಿಲಿಮೀಟರು ಅಗಲದ ಹಾಳೆಯಲ್ಲಿ, ನೂರಾರು ಗೆರೆಗಳ ನಡುವೆ, ಎಲ್ಲಿ ಏನು ಬದಲಾಯಿತೆಂದು ಬಿಸಿಲಿನಲ್ಲಿ ನಿಂತ ಮೇಸ್ತ್ರಿಯು ಹುಡುಕಿ ತೆಗೆಯಬಲ್ಲನೆ?

ಹೊಸ ನಕ್ಷೆ ಬಂದೊಡನೆ ನನ್ನ ಸೊಸೆ ಮಾಡಿದ್ದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದೆನು. ಮೊದಲು ಜಾತಕದ ಚೌಕವನ್ನು ಓದಿದಳು. ಸಹಿಗಳಿವೆಯೆ, ಸಂಖ್ಯೆ ಸರಿಯೆ, ಇದಕ್ಕೆ ಹಿಂದಿನ ಪರಿಷ್ಕರಣ ತಮಗೆ ಬಂದಿತ್ತೆ, ನಡುವೆ ಒಂದು ತಪ್ಪಿಹೋಗಿಲ್ಲವಷ್ಟೆ? ಆಮೇಲೆ ದೊಡ್ಡ ದಾಖಲೆ ಪುಸ್ತಕದಲ್ಲಿ ನಮೂದು. ಈಗ ಅದು ಕಂಪ್ಯೂಟರಿನಲ್ಲಿದೆ. ಬಳಿಕ ವಿತರಣೆಯ ಪಟ್ಟಿ. ಯಾವ ಬಗೆಯ ನಕ್ಷೆ ಯಾರು ಯಾರಿಗೆ ಹೋಗಬೇಕೆಂಬುದನ್ನು ಮೊದಲೇ ನಿಶ್ಚಯಿಸಿ ಗೋಡೆಗೆ ಅಂಟಿಸಿರುತ್ತಾರೆ. ಅದರಂತೆ ಪ್ರತಿಗಳನ್ನು ತೆಗೆದು, ಮೊಹರು ಹಾಕಿ, ಟ್ರಾನ್ಸ್‌ಮಿಟಲ್ ಎಂಬ ಒಪ್ಪಿಸುವ ಚೀಟಿಯೊಂದಿಗೆ ಕಳುಹಿಸಿದಳು. ಪಡೆದವನು ಚೀಟಿಗೆ ರುಜು ಹಾಕಿ ಹಿಂದಿರುಗಿಸಬೇಕು. ಇಲ್ಲಿಯವರೆಗೆ ಇದು ಟಪ್ಪಾಲು ಗುಮಾಸ್ತಿಕೆಯೇ ಸರಿ. ಅಜ್ಜಿಯವರ ಮಾತಿನಲ್ಲಿ ಸುಳ್ಳೇನಿಲ್ಲ.

ಆದರೆ ಇಲ್ಲಿಂದ ಮುಂದೆ ಈ ಉದ್ಯೋಗದ ನಿಜವಾದ ಭಾಗ. ಹೊಸ ಹಾಳೆಯನ್ನು ತೆಗೆದುಕೊಂಡು ಹೊರಟ ಹುಡುಗನಿಗೆ ಆಕೆ ಹೇಳಿದ ಮಾತು ಒಂದೇ: "ಹಳೆಯದು ಕೈಗೆ ಬರುವವರೆಗೆ ಹೊಸದನ್ನು ಕೊಡಬೇಡ." ಒಂದು ಗಂಟೆಯ ಮೇಲೆ ಆತ ಬರಿಗೈಯಲ್ಲಿ ಹಿಂದಿರುಗಿದನು. ಕಂಬಿ ಕಟ್ಟುವ ಮೇಸ್ತ್ರಿ ಹಳೆಯ ಹಾಳೆಯನ್ನು ಕೊಡಲೊಲ್ಲನಂತೆ. ನನ್ನ ಸೊಸೆ ತಲೆಗೆ ಪ್ಲಾಸ್ಟಿಕ್ಕಿನ ಟೋಪಿಯನ್ನೇರಿಸಿ ತಾನೇ ಹೊರಟಳು. ನನಗೂ ಒಂದು ಟೋಪಿ ದೊರೆಯಿತು.

ಮೇಸ್ತ್ರಿಯು ಐವತ್ತು ದಾಟಿದ ಮನುಷ್ಯ. ಆತನ ಹಳೆಯ ಹಾಳೆ ಬೆವರು, ಸಿಮೆಂಟು, ಎಲೆಯಡಿಕೆಯ ಕರೆಗಳಿಂದ ಬಣ್ಣವೇ ಕಾಣದಂತಾಗಿತ್ತು. ಆದರೆ ಅದರ ಅಂಚಿನ ತುಂಬ ಆತನ ಕೈಬರಹ: ಕಂಬಿಯ ಉದ್ದ, ಬಾಗಿಸಬೇಕಾದ ಅಳತೆ, ಎಷ್ಟು ತುಂಡು, ಎಷ್ಟು ಉಳಿದದ್ದು. ಮೂರು ವಾರದ ಲೆಕ್ಕ ಅದರಲ್ಲಿತ್ತು. "ಇದನ್ನು ಕೊಟ್ಟರೆ ನನ್ನ ತಲೆಯನ್ನೇ ಕೊಟ್ಟಂತೆ ತಾಯಿ" ಎಂದನು. ಆತನದು ಹಟವಲ್ಲ, ನ್ಯಾಯವಾದ ಕಷ್ಟ. ನನ್ನ ಸೊಸೆ ಅಲ್ಲಿಯೇ ಕಂಬಿಯ ರಾಶಿಯ ಮೇಲೆ ಕುಳಿತು, ಆತನ ಲೆಕ್ಕಗಳಲ್ಲಿ ಹೊಸ ನಕ್ಷೆಗೂ ಹೊಂದುವಂಥವನ್ನು ಆತ ಹೇಳಿದಂತೆ ಹೊಸ ಹಾಳೆಯ ಅಂಚಿಗೆ ಪೆನ್ಸಿಲಿನಿಂದ ಇಳಿಸಿಕೊಟ್ಟಳು. ಅರ್ಧ ಗಂಟೆ ಹಿಡಿಯಿತು. ಆಗ ಹಳೆಯದು ಕೈಗೆ ಬಂದಿತು. ಕಚೇರಿಗೆ ಹಿಂದಿರುಗಿ ಅದರ ಮೇಲೆ "ಸೂಪರ್‌ಸೀಡೆಡ್", ಎಂದರೆ "ಇದಕ್ಕೆ ಬದಲು ಬಂದಿದೆ", ಎಂಬ ಕೆಂಪು ಮೊಹರನ್ನು ಒತ್ತಿ, ಅಂತಹ ಹಾಳೆಗಳ ಪೆಟ್ಟಿಗೆಗೆ ಹಾಕಿದಳು. ಇದಾವುದೂ ಆಕೆಯ ಪಠ್ಯದಲ್ಲಿ ಇದ್ದಿರಲಾರದು.

"ಇಷ್ಟು ಪರದಾಟವೇಕೆ? ಹೊಸದನ್ನು ಕೊಟ್ಟ ಮೇಲೆ ಹಳೆಯದು ಅವನ ಬಳಿ ಬಿದ್ದಿದ್ದರೆ ನಷ್ಟವೇನು?" ಎಂದು ಕೇಳಿದೆ.

"ಮಾವ, ಮೇಸ್ತ್ರಿಗೆ ಅಭ್ಯಾಸವಾದದ್ದು ಹಳೆಯ ಹಾಳೆ. ಎರಡೂ ಇದ್ದರೆ ಕೈ ಹೋಗುವುದು ಅದರ ಕಡೆಗೇ" ಎಂದಳು. ತಾನು ಹಿಂದೆ ಕೆಲಸ ಮಾಡುತ್ತಿದ್ದ ಬೇರೊಂದು ಕಟ್ಟಡದ ಸಂಗತಿಯನ್ನು ಆಗ ಹೇಳಿದಳು. ಚರಂಡಿ ಕೊಳವೆಗೆ ತಾರಸಿಯಲ್ಲಿ ಬಿಡಬೇಕಾದ ರಂಧ್ರವನ್ನು ಒಂದು ಅಡಿ ಸರಿಸಿ ಹೊಸ ನಕ್ಷೆ ಬಂದಿತ್ತು; ಎಲ್ಲರಿಗೂ ಹಂಚಿಯೂ ಆಗಿತ್ತು; ರುಜುಗಳೂ ಇದ್ದವು. ಆದರೆ ಸಿಮೆಂಟು ಗೋದಾಮಿನ ಗೋಡೆಗೆ ಯಾರೋ ಎಂದೋ ಅಂಟಿಸಿದ್ದ ಹಳೆಯ ಪ್ರತಿಯೊಂದು ಅಲ್ಲಿಯೇ ಉಳಿದಿತ್ತು. ರಾತ್ರಿಯ ಪಾಳಿಯವರು ಅದನ್ನು ನೋಡಿಕೊಂಡು ಕಾಂಕ್ರೀಟು ಸುರಿದರು. ಬೆಳಗಾದ ಮೇಲೆ ಗಟ್ಟಿಯಾದ ತಾರಸಿಯನ್ನು ಯಂತ್ರದಿಂದ ಕೊರೆಯಬೇಕಾಯಿತು. ಕೊರೆಯುವಾಗ ತುಂಡಾದ ಕಂಬಿಗಳಿಗೆ ಪರಿಹಾರವೇನೆಂದು ಇಂಜಿನಿಯರರನ್ನು ಕೇಳಬೇಕಾಯಿತು. ಹಣದ ನಷ್ಟಕ್ಕಿಂತ ಆ ಹನ್ನೊಂದು ದಿನ ಯಾರ ತಪ್ಪು ಎಂಬ ವಾದವೇ ದೊಡ್ಡದಾಗಿತ್ತಂತೆ. ಅದು ಕೊಳವೆಯ ರಂಧ್ರ. ಅದೇ ಒಂದು ಕಂಬದ ಕಂಬಿಯಾಗಿದ್ದರೆ ಬೆಳಗ್ಗೆ ಯಾರಿಗೂ ಕಾಣಿಸುತ್ತಲೇ ಇರಲಿಲ್ಲ.

ಇಲ್ಲಿ ನನಗೆ ನಮ್ಮ ಹಿರಿಯರ ಕಡತಗಳ ನೆನಪಾಗುತ್ತದೆ. ಈಗ ಕಚೇರಿಯ ಫೈಲಿಗೆ ನಾವು ಹೇಳುವ ಕಡತವೆಂಬ ಹೆಸರು ಹಿಂದೆ ಬಟ್ಟೆಯ ಪುಸ್ತಕಕ್ಕೆ ಸಲ್ಲುತ್ತಿತ್ತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದ ಕಡ್ಡಿಯಿಂದ ಬರೆಯುತ್ತಿದ್ದರು. ಶೃಂಗೇರಿಯ ಮಠದಲ್ಲಿ ಇಂತಹ ಕಡತಗಳು ಬಹುಸಂಖ್ಯೆಯಲ್ಲಿ ಉಳಿದುಬಂದಿವೆ. ಒದ್ದೆ ಬಟ್ಟೆಯಿಂದ ಒರೆಸಿ ಅದೇ ಕಡತದಲ್ಲಿ ಮತ್ತೆ ಬರೆಯಬಹುದಾಗಿತ್ತು. ವರ್ತಕನ ಲೆಕ್ಕಕ್ಕೆ ಅದು ಅನುಕೂಲವೇ. ಆದರೆ ಕಟ್ಟಡದ ದಾಖಲೆಯ ಶಾಸ್ತ್ರವು ಇದಕ್ಕೆ ತೀರ ವಿರುದ್ಧವಾದದ್ದು. ಇಲ್ಲಿ ಏನನ್ನೂ ಒರೆಸಕೂಡದು. ತಪ್ಪಿದ್ದ ನಕ್ಷೆಯೂ ತಪ್ಪಾಗಿಯೇ, ಮೊಹರಿನೊಡನೆ, ಒಂದು ಪ್ರತಿ ಉಳಿಯಬೇಕು. ಯಾವ ದಿನ ಯಾರ ಕೈಯಲ್ಲಿ ಯಾವ ಹಾಳೆಯಿತ್ತೆಂದು ನಾಳೆ ಕೇಳುವವರಿದ್ದಾರೆ. ಕೆಲಸದವರ ಕೈಯಿಂದ ಹಳೆಯದು ಪೂರ್ತಿ ಮಾಯವಾಗಬೇಕು, ಕಪಾಟಿನಲ್ಲಿ ಅದು ಪೂರ್ತಿ ಉಳಿಯಬೇಕು. ಈ ಎರಡನ್ನೂ ಒಟ್ಟಿಗೆ ಸಾಧಿಸುವುದು ಹೇಳಿದಷ್ಟು ಸುಲಭವಲ್ಲ.

ಸರಿಯಾದ ಕಾಗದ ಸರಿಯಾದ ಸ್ಥಳಕ್ಕೆ ತಲಪದಿದ್ದರೆ ಆಗುವುದೇನೆಂಬುದಕ್ಕೆ ಕೆನಡಾ ದೇಶದ ಒಂದು ದುರಂತ ಸಾಕ್ಷಿಯಾಗಿದೆ. ಕ್ವಿಬೆಕ್ ನಗರದ ಹತ್ತಿರ ಸೇಂಟ್ ಲಾರೆನ್ಸ್ ನದಿಗೆ ಉಕ್ಕಿನ ಮಹಾಸೇತುವೆಯೊಂದನ್ನು ಕಟ್ಟುತ್ತಿದ್ದರು. ಅದರ ನಡುವಣ ಅಂತರವನ್ನು ೧,೬೦೦ ಅಡಿಗಳಿಂದ ೧,೮೦೦ ಅಡಿಗಳಿಗೆ ಹೆಚ್ಚಿಸಿದ್ದರು. ಆದರೆ ಹೆಚ್ಚಿದ ಭಾರಕ್ಕೆ ತಕ್ಕಂತೆ ಲೆಕ್ಕಗಳನ್ನು ಮತ್ತೆ ಹಾಕಿರಲಿಲ್ಲ. ೧೯೦೭ರ ಆಗಸ್ಟಿನಲ್ಲಿ ಕೆಳಗಣ ಉಕ್ಕಿನ ಅಂಗವೊಂದು ಬಾಗುತ್ತಿರುವುದು ಕಂಡುಬಂದಿತು. ಮುಕ್ಕಾಲು ಅಂಗುಲವಿದ್ದ ಬಾಗು ಕೆಲವೇ ದಿನಗಳಲ್ಲಿ ಎರಡೂಕಾಲು ಅಂಗುಲವಾಯಿತು. ಮುಖ್ಯ ಸಲಹೆಗಾರರಾದ ಥಿಯೊಡೋರ್ ಕೂಪರರು ನ್ಯೂಯಾರ್ಕಿನಲ್ಲಿದ್ದರು. ಆರೋಗ್ಯ ಸರಿಯಿಲ್ಲದೆ ಅವರು ಕಟ್ಟಡದ ಸ್ಥಳಕ್ಕೆ ಬರುತ್ತಿರಲಿಲ್ಲ. ಸ್ಥಳದಲ್ಲಿದ್ದ ಅವರ ಸಹಾಯಕರು ರೈಲು ಹತ್ತಿ ನ್ಯೂಯಾರ್ಕಿಗೆ ಹೋಗಿ ೨೯ನೆಯ ತಾರೀಖು ಸಂಗತಿಯನ್ನು ತಿಳಿಸಿದರು. ಕೂಪರರು ಕೂಡಲೆ ಸೇತುವೆಯ ಮೇಲೆ ಇನ್ನು ಭಾರ ಹೇರಕೂಡದೆಂದು ತಂತಿ ಕೊಟ್ಟರು. ಆದರೆ ಆ ತಂತಿ ಹೋದದ್ದು ಪೆನ್ಸಿಲ್ವೇನಿಯಾದ ಫೀನಿಕ್ಸ್‌ವಿಲ್‌ನಲ್ಲಿದ್ದ ಉಕ್ಕಿನ ಕಂಪೆನಿಯ ಕಚೇರಿಗೆ. ಸೇತುವೆಯಿದ್ದ ಕ್ವಿಬೆಕ್ಕಿಗೆ ತಂತಿ ಹೋಗಲೇ ಇಲ್ಲ. ಕಂಪೆನಿಯವರು ಸಹಾಯಕರು ಬಂದ ಮೇಲೆ ವಿಚಾರಿಸೋಣವೆಂದು ಕಾದರು. ಆ ಸಂಜೆ ಐದೂವರೆಯ ಸುಮಾರಿಗೆ, ಕೆಲಸ ಮುಗಿಯುವ ಹೊತ್ತಿನಲ್ಲಿ, ಸೇತುವೆಯು ಕೆಲವೇ ಕ್ಷಣಗಳಲ್ಲಿ ನದಿಗೆ ಕುಸಿದುಬಿದ್ದಿತು. ಅದರ ಮೇಲಿದ್ದ ೮೬ ಮಂದಿ ಕೆಲಸಗಾರರಲ್ಲಿ ೭೫ ಮಂದಿ ಸತ್ತರು. ಸೇತುವೆಯ ರೋಗ ಲೆಕ್ಕದಲ್ಲಿಯೇ ಇತ್ತಾದುದರಿಂದ ತಂತಿಯು ತಲಪಿದ್ದರೂ ಅದು ಉಳಿಯುತ್ತಿತ್ತೆಂದು ಹೇಳಲಾಗದು. ಮೇಲಿದ್ದವರು ಕೆಳಗಿಳಿಯಬಹುದಾಗಿತ್ತು.

ಗೋಡೆಗೆ ಅಂಟಿಸಿದ ವಿತರಣೆಯ ಪಟ್ಟಿಯನ್ನು ಮೊದಲು ಕಂಡಾಗ ನಾನು ಅದನ್ನು ಕಚೇರಿಯ ಒಂದು ಶಾಸ್ತ್ರವೆಂದು ತಿಳಿದಿದ್ದೆ. ಕ್ವಿಬೆಕ್ಕಿನ ಸಂಗತಿಯನ್ನು ಓದಿದ ಮೇಲೆ ಹಾಗೆ ತೋರುವುದಿಲ್ಲ.

ಇನ್ನೊಂದು ದುರಂತವು ಇದಕ್ಕಿಂತ ಸೂಕ್ಷ್ಮವಾದದ್ದು. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಹಯಾತ್ ರೀಜೆನ್ಸಿ ಎಂಬ ಹೋಟೆಲು ೧೯೮೦ರಲ್ಲಿ ತೆರೆಯಿತು. ಅದರ ಎತ್ತರವಾದ ಒಳಾಂಗಣದಲ್ಲಿ, ನಾಲ್ಕನೆಯ ಮಹಡಿಯ ಮಟ್ಟದಲ್ಲೊಂದು, ಅದರ ನೇರ ಕೆಳಗೆ ಎರಡನೆಯ ಮಹಡಿಯ ಮಟ್ಟದಲ್ಲೊಂದು, ಹೀಗೆ ತೂಗುವ ಓಣಿಗಳನ್ನು ಚಾವಣಿಯಿಂದ ಉಕ್ಕಿನ ಸರಳುಗಳಿಂದ ಇಳಿಬಿಟ್ಟಿದ್ದರು. ಮೊದಲಿನ ನಕ್ಷೆಯಲ್ಲಿ ಚಾವಣಿಯಿಂದ ಹೊರಟ ಒಂದೇ ಸರಳು ಮೇಲಿನ ಓಣಿಯನ್ನು ಹಾದು ಕೆಳಗಿನ ಓಣಿಯವರೆಗೂ ಇಳಿದಿತ್ತು. ಉಕ್ಕಿನ ಕೆಲಸ ಮಾಡುವವರಿಗೆ ಅಷ್ಟುದ್ದದ ಸರಳಿಗೆ ಮರೆಯ ಸುತ್ತು ಕೊರೆಯುವುದು ತೊಡಕೆಂದು ತೋರಿತು. ಅವರ ನಕ್ಷೆಯಲ್ಲಿ ಒಂದು ಸರಳು ಎರಡಾಯಿತು: ಮೇಲಿನದು ಚಾವಣಿಯಿಂದ ಮೇಲಿನ ಓಣಿಗೆ, ಕೆಳಗಿನದು ಮೇಲಿನ ಓಣಿಯಿಂದ ಕೆಳಗಿನ ಓಣಿಗೆ. ನೋಡುವುದಕ್ಕೆ ಅಲ್ಪ ಬದಲಾವಣೆ. ಆದರೆ ವಾಚಕರು ಹೀಗೆ ಭಾವಿಸಿಕೊಳ್ಳಲಿ: ಬಾವಿಗೆ ಇಳಿಬಿಟ್ಟ ಹಗ್ಗವನ್ನು ಇಬ್ಬರು ಹಿಡಿದು ತೂಗುತ್ತಿದ್ದಾರೆ, ಇಬ್ಬರ ಭಾರವೂ ಹಗ್ಗದ ಮೇಲೆ, ಪ್ರತಿಯೊಬ್ಬನ ಕೈಗೆ ಅವನವನ ಭಾರ ಮಾತ್ರ. ಈಗ ಕೆಳಗಿನವನು ಹಗ್ಗವನ್ನು ಬಿಟ್ಟು ಮೇಲಿನವನ ಕಾಲನ್ನು ಹಿಡಿದರೆ? ಹಗ್ಗಕ್ಕೆ ಭಾರ ಅಷ್ಟೇ; ಮೇಲಿನವನ ಕೈಗೆ ಎರಡರಷ್ಟು. ಮೇಲಿನ ಓಣಿಯ ತೊಲೆಗೆ ಆದದ್ದೂ ಇದೇ. ಮೊದಲಿನ ಏರ್ಪಾಡೇ ನಗರದ ನಿಯಮವು ಬಯಸಿದ ಬಲದಲ್ಲಿ ಶೇಕಡ ಸುಮಾರು ೬೦ರಷ್ಟನ್ನು ಮಾತ್ರ ಹೊಂದಿತ್ತೆಂದು ಆಮೇಲಿನ ತನಿಖೆ ಕಂಡುಹಿಡಿಯಿತು. ಬದಲಾವಣೆಯಿಂದ ಅದೂ ಅರ್ಧವಾಯಿತು. ಇಂಜಿನಿಯರರ ಒಪ್ಪಿಗೆಯ ಮೊಹರು ಆ ನಕ್ಷೆಯ ಮೇಲೆ ಇತ್ತು. ಲೆಕ್ಕವನ್ನು ಯಾರೂ ಹಾಕಿರಲಿಲ್ಲ. ೧೯೮೧ರ ಜುಲೈ ೧೭ರ ಸಂಜೆ ಒಳಾಂಗಣದಲ್ಲಿ ಸುಮಾರು ೧,೬೦೦ ಜನ ನೃತ್ಯವಿನೋದಕ್ಕಾಗಿ ಸೇರಿದ್ದಾಗ ಎರಡು ಓಣಿಗಳೂ ಒಂದರ ಮೇಲೊಂದು ಕುಸಿದವು. ೧೧೪ ಮಂದಿ ಮೃತರಾದರು. ಹೊಣೆಗಾರರಾದ ಇಂಜಿನಿಯರರಿಗೆ ಮಿಸ್ಸೂರಿ ರಾಜ್ಯದಲ್ಲಿದ್ದ ಪರವಾನಗಿ ರದ್ದಾಯಿತು.

ಈ ಸಂಗತಿಯನ್ನು ಹೇಳಿ, "ನೀನಿದ್ದಿದ್ದರೆ ತಡೆಯುತ್ತಿದ್ದೆಯಾ?" ಎಂದು ನನ್ನ ಸೊಸೆಯನ್ನು ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ ಮಾವ. ಮೊಹರು ಇದ್ದಿತಲ್ಲ, ನಾನೂ ಹಂಚುತ್ತಿದ್ದೆ" ಎಂದಳು. ಆ ಉತ್ತರದ ಪ್ರಾಮಾಣಿಕತೆ ನನಗೆ ಮೆಚ್ಚಿಗೆಯಾಯಿತು. ದಾಖಲೆ ಕಾಯುವವರು ಲೆಕ್ಕ ಹಾಕುವವರಲ್ಲ. ತೊಲೆ ನಿಲ್ಲುತ್ತದೆಯೇ ಇಲ್ಲವೇ ಎಂಬುದು ಅವರಿಗೆ ತಿಳಿಯಬೇಕಾದ್ದೂ ಇಲ್ಲ. ಅವರು ಮಾಡಬಹುದಾದ್ದು ಇಷ್ಟು: ಬದಲಾದದ್ದನ್ನು ಮೋಡದ ಗೆರೆ ಸುತ್ತದೆ ಕಳುಹಿಸಿದರೆ ಹಿಂದಕ್ಕೆ ಅಟ್ಟುವುದು, ಬದಲಾವಣೆಯನ್ನು ದೂರವಾಣಿಯಲ್ಲಿ ಬಾಯಿಮಾತಿನಿಂದ ಒಪ್ಪಿದೆವೆಂದರೆ ಬರಹದಲ್ಲಿ ಕೊಡಿರೆಂದು ಪಟ್ಟು ಹಿಡಿಯುವುದು, ಪರೀಕ್ಷಿಸಿದವರ ಸಹಿಯ ಜಾಗ ಖಾಲಿಯಿದ್ದರೆ ನಕ್ಷೆಯನ್ನು ಹೊರಡಿಸದೆ ಇರುವುದು. ಇದಕ್ಕೆ ಧೈರ್ಯ ಬೇಕು. ಕಾಂಕ್ರೀಟಿನ ಲಾರಿಗಳು ಬಾಗಿಲಲ್ಲಿ ಸಾಲು ನಿಂತಿರುವಾಗ, ಸಹಿಯಿಲ್ಲದ ಹಾಳೆಗಾಗಿ ಕೆಲಸವನ್ನು ನಿಲ್ಲಿಸುವ ಇಪ್ಪತ್ತಾರು ವಯಸ್ಸಿನ ಹುಡುಗಿಯ ಮೇಲೆ ಯಾರಿಗೆ ಪ್ರೀತಿ ಹುಟ್ಟೀತು? ಕೆಲಸ ಸರಿಯಾಗಿ ನಡೆದ ದಿನ ಇವರ ಹೆಸರನ್ನು ಯಾರೂ ಹೇಳುವುದಿಲ್ಲ. ಒಂದು ಹಾಳೆ ತಪ್ಪಿದ ದಿನ ಎಲ್ಲರೂ ಹೇಳುತ್ತಾರೆ.

ಕೊಲ್ಲಿ ದೇಶಗಳಲ್ಲಿ ಈ ಉದ್ಯೋಗಕ್ಕೆ ಬಹುಕಾಲದಿಂದ ಬೇಡಿಕೆಯುಂಟು. ನಮ್ಮ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಗಳಿಂದ ಅಲ್ಲಿಗೆ ಹೋದವರಲ್ಲಿ ಇದನ್ನು ಮಾಡುವವರೂ ಇದ್ದಾರೆ. ಇಂಜಿನಿಯರಿಂಗ್ ಪದವಿಯೇ ಬೇಕೆಂಬ ಕಟ್ಟುಪಾಡಿಲ್ಲ; ಬಿ.ಕಾಂ. ಓದಿದವರೂ ಡಿಪ್ಲೊಮಾ ಮಾಡಿದವರೂ ಸಲ್ಲುತ್ತಾರೆ. ನಕ್ಷೆಯನ್ನು ಓದಲು ಬರಬೇಕು, ಅಂಕೆಗಳಲ್ಲಿ ಕಣ್ಣು ಚುರುಕಾಗಿರಬೇಕು, ಬೇಸರವಾಗಬಾರದು. ಕಾಗದ ಈಗ ಬಹುಮಟ್ಟಿಗೆ ಕಂಪ್ಯೂಟರಿಗೆ ಏರಿದೆ. ಹಿಂದೆ ಬ್ಲೂಪ್ರಿಂಟೆಂದು ಪ್ರಸಿದ್ಧವಾಗಿದ್ದ ನೀಲಿ ಹಾಳೆ, ೧೮೪೨ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ರಾಸಾಯನಿಕ ವಿಧಾನದಿಂದ ಹುಟ್ಟಿದ್ದು, ಹೆಸರು ಮಾತ್ರ ಉಳಿಸಿ ಮರೆಯಾಯಿತು. ಕಟ್ಟಡದ ಮಾಹಿತಿಯನ್ನು ಹೇಗೆ ನಿರ್ವಹಿಸಬೇಕೆಂಬುದಕ್ಕೆ ೨೦೧೮ರಿಂದ ಐ.ಎಸ್.ಓ. ೧೯೬೫೦ ಎಂಬ ಅಂತರರಾಷ್ಟ್ರೀಯ ನಿಯಮಾವಳಿಯೇ ಬಂದಿದೆ. ಬರೆಯುತ್ತಿರುವ ನಕ್ಷೆ, ಇತರರೊಡನೆ ಹಂಚಿಕೊಂಡ ನಕ್ಷೆ, ಅಪ್ಪಣೆಯಾಗಿ ಪ್ರಕಟವಾದ ನಕ್ಷೆ, ಉಗ್ರಾಣಕ್ಕೆ ಸೇರಿದ ನಕ್ಷೆ, ಹೀಗೆ ನಾಲ್ಕು ಅವಸ್ಥೆಗಳನ್ನು ಅದು ಹೇಳುತ್ತದೆ. ಮೇಸ್ತ್ರಿಯ ಕೈಯಲ್ಲಿಯೂ ಈಗ ಗಾಜಿನ ಹಲಗೆಯಂತಹ ಸಾಧನವುಂಟು. ಅದರಲ್ಲಿ ಹೊಸ ನಕ್ಷೆ ತಾನೇ ಬಂದು ನಿಲ್ಲುತ್ತದೆ. ಆದರೂ ಮಳೆಗಾಲದಲ್ಲಿ, ಕೈಗೆ ಸಿಮೆಂಟು ಮೆತ್ತಿಕೊಂಡಿರುವಾಗ, ಅವನು ಕೇಳುವುದು ಕಾಗದವನ್ನೇ. ಹಲಗೆಯಿಂದ ಒಂದು ಪ್ರತಿ ಅಚ್ಚು ಹಾಕಿಸಿಕೊಂಡು ಜೇಬಿಗಿಟ್ಟನೆಂದರೆ ಹಳೆಯ ಕಥೆಯೇ ಮತ್ತೆ ಮೊದಲಾಯಿತು.

ಕಟ್ಟಡ ಮುಗಿದ ಮೇಲೆಯೂ ಕಾಗದದ ಕೆಲಸ ಮುಗಿಯುವುದಿಲ್ಲ. ಬರೆದದ್ದೊಂದು, ಕಟ್ಟಿದ್ದೊಂದು ಎಂಬುದು ಎಲ್ಲಿಯೂ ತಪ್ಪದ ಸಂಗತಿ. ಆದ್ದರಿಂದ ಕೊನೆಗೆ, ನಿಜವಾಗಿ ಹೇಗೆ ಕಟ್ಟಿದೆಯೋ ಹಾಗೆ ತೋರಿಸುವ ಆಸ್‌ಬಿಲ್ಟ್ ನಕ್ಷೆಗಳನ್ನು ಸಿದ್ಧಪಡಿಸಬೇಕು. ೨೦೧೭ರ ಜೂನಿನಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರಿಗೆ ಬೆಂಕಿ ಬಿದ್ದು ೭೨ ಮಂದಿ ಸತ್ತರು. ಅದರ ಹೊರಗೋಡೆಗೆ ಹೊಸದಾಗಿ ಹೊದಿಸಿದ ಸಾಮಗ್ರಿ ಬೆಂಕಿಯನ್ನು ಹರಡಿತು. ಅದರ ಹಿನ್ನೆಲೆಯಲ್ಲಿ ನಡೆದ ಪರಿಶೀಲನೆಯ ವರದಿಯು, ಎತ್ತರದ ಕಟ್ಟಡದೊಳಗೆ ಏನೇನು ಅಡಗಿದೆಯೆಂಬ ಮಾಹಿತಿಯು ಚಿನ್ನದ ಎಳೆಯಂತೆ ಮೊದಲಿನಿಂದ ಕಡೆಯವರೆಗೂ ತುಂಡಾಗದೆ ಬರಬೇಕೆಂದು ೨೦೧೮ರಲ್ಲಿ ಹೇಳಿತು; ೨೦೨೨ರಲ್ಲಿ ಅಲ್ಲಿ ಶಾಸನವೂ ಆಯಿತು. ನಮ್ಮಲ್ಲಿ ೨೦೧೬ರ ರೇರಾ ಶಾಸನವು ಫ್ಲಾಟು ಕೊಳ್ಳುವವರಿಗೆ ಕೆಲವು ಹಕ್ಕುಗಳನ್ನು ಕೊಟ್ಟಿದೆ. ಮಂಜೂರಾದ ನಕ್ಷೆಗಳನ್ನು ಕಟ್ಟಡದ ಸ್ಥಳದಲ್ಲಿ ಪ್ರದರ್ಶಿಸಬೇಕು. ಎಲ್ಲರಿಗೂ ಸೇರಿದ ಭಾಗಗಳ ನಕ್ಷೆಯನ್ನು ಬದಲಾಯಿಸಬೇಕಾದರೆ ಕೊಂಡವರಲ್ಲಿ ಮೂರರಲ್ಲಿ ಎರಡು ಪಾಲು ಜನರ ಬರಹದ ಒಪ್ಪಿಗೆ ಬೇಕು. ಕೆಲಸ ಮುಗಿದ ಮೇಲೆ ನಕ್ಷೆ ಮತ್ತು ದಾಖಲೆಗಳನ್ನು ನಿವಾಸಿಗಳ ಸಂಘಕ್ಕೆ ಒಪ್ಪಿಸಬೇಕು. ಸ್ವಾಧೀನವಾದ ಐದು ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಕಟ್ಟಿಸಿದವರೇ ಸರಿಪಡಿಸಬೇಕು. ಗೃಹಪ್ರವೇಶದ ಸಂಭ್ರಮದಲ್ಲಿ ಬೀಗದ ಕೈ ಎಷ್ಟೆಂದು ಎಣಿಸಿ ತೆಗೆದುಕೊಳ್ಳುವವರು ಬಹಳ. ನೀರಿನ ಕೊಳವೆಯ ನಕ್ಷೆಯನ್ನು ಕೇಳಿದವರನ್ನು ನಾನು ಇನ್ನೂ ಕಂಡಿಲ್ಲ.

ಅನ್ಯರ ಮಾತೇಕೆ? ನನ್ನ ಸಂಗತಿಯನ್ನೇ ಹೇಳುತ್ತೇನೆ. ನಾವು ವಾಸವಾಗಿರುವ ಮನೆಯನ್ನು ನನ್ನ ತಂದೆಯವರು ಕಟ್ಟಿಸಿ ಮೂವತ್ತೈದು ವರ್ಷಗಳಾದವು. ಮಗನ ಸಂಸಾರಕ್ಕೆ ಮೇಲೊಂದು ಮಹಡಿಯನ್ನು ಏರಿಸಬೇಕೆಂದು ಈಚೆಗೆ ಯೋಚಿಸಿದೆವು. ಬಂದ ಇಂಜಿನಿಯರರು ಮೊದಲು ಕೇಳಿದ್ದು ಕಂಬಗಳ ನಕ್ಷೆಯನ್ನು. ತಂದೆಯವರ ಟ್ರಂಕಿನಲ್ಲಿ, ಜಾತಕಗಳ ಮತ್ತು ಕಂದಾಯದ ರಸೀತಿಗಳ ಕೆಳಗೆ, ನಕ್ಷೆ ಸಿಕ್ಕಿತು. ಮಹಾ ಹೆಮ್ಮೆಯಿಂದ ತಂದು ಹರಡಿದೆ. ಒಂದಲ್ಲ, ಎರಡು ಹಾಳೆಗಳು. ಎರಡರಲ್ಲಿಯೂ ಮನೆ ಒಂದೇ, ಕಂಬಗಳ ಸ್ಥಾನ ಒಂದೇ. ಒಂದರಲ್ಲಿ ಪ್ರತಿ ಕಂಬಕ್ಕೆ ನಾಲ್ಕು ಕಂಬಿ, ಇನ್ನೊಂದರಲ್ಲಿ ಆರು. ಯಾವುದರ ಮೇಲೆಯೂ ತಾರೀಖಿಲ್ಲ, ಅಂಕೆಯಿಲ್ಲ. ತಂದೆಯವರೂ ಇಲ್ಲ, ಕಟ್ಟಿದ ಮೇಸ್ತ್ರಿ ಯಾವ ಊರಿನವನೆಂಬುದೂ ಈಗ ಯಾರಿಗೂ ನೆನಪಿಲ್ಲ.

"ಆರು ಕಂಬಿಯಿದ್ದರೆ ಮಹಡಿಯ ವಿಚಾರವನ್ನು ಮಾತನಾಡಬಹುದು, ನಾಲ್ಕಿದ್ದರೆ ಮಾತೇ ಇಲ್ಲ" ಎಂದರು ಇಂಜಿನಿಯರರು. ನನ್ನ ಹೆಂಡತಿ ಮಾತ್ರ, "ಮಾವನವರು ಎಂದೂ ಕೈಹಿಡಿದು ಖರ್ಚು ಮಾಡಿದವರಲ್ಲ, ಆರೇ ಇರಬೇಕು" ಎಂದು ತೀರ್ಮಾನ ಕೊಟ್ಟಳು. ಅದು ಪ್ರೀತಿಯ ಮಾತು. ಕಂಬಕ್ಕೆ ಅದರಿಂದ ಬಲ ಬರುವುದಿಲ್ಲ. ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ಹೊರಗಿನಿಂದಲೇ ಪತ್ತೆ ಮಾಡುವ ಯಂತ್ರವೊಂದುಂಟಂತೆ. ಅದನ್ನು ಹಿಡಿದು ನೋಡಿ, ಆಮೇಲೆ ಒಂದೆರಡು ಕಂಬಗಳ ಗಾರೆಯನ್ನು ಕಿತ್ತು ಕಣ್ಣಾರೆ ಎಣಿಸಬೇಕೆಂದು ನಿಶ್ಚಯವಾಗಿದೆ. ಅದರಲ್ಲೊಂದು ದೇವರ ಮನೆಯ ಬಾಗಿಲಿನ ಪಕ್ಕದ ಕಂಬ.

ಈ ಸಂಗತಿಯನ್ನು ಕೇಳಿ ನನ್ನ ಸೋದರ ಸೊಸೆ ಕಳೆದ ಭಾನುವಾರ ಗಂಡನೊಡನೆ ಬಂದಿದ್ದಳು. ಎರಡು ಹಾಳೆಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಒಂದರ ಮೂಲೆಯಲ್ಲಿ ಸುಣ್ಣದ ಕರೆ, ಮೊಳೆ ಹೊಡೆದ ನಾಲ್ಕು ತೂತುಗಳು; ಇನ್ನೊಂದು ಮಡಿಕೆ ಮುರಿಯದೆ ಹೊಸತರಂತೆ ಇತ್ತು. "ಮೊಳೆ ಹೊಡೆದದ್ದೇ ಕೆಲಸಕ್ಕೆ ಬಂದ ಹಾಳೆ ಮಾವ" ಎಂದಳು. ಅದು ನಾಲ್ಕು ಕಂಬಿಯ ಹಾಳೆ. ನನ್ನ ಮುಖ ಬಾಡಿದ್ದನ್ನು ಕಂಡು, "ಆದರೆ ಹೊಸದು ಬಂದ ಮೇಲೂ ಹಳೆಯದು ಗೋಡೆಯಲ್ಲೇ ಉಳಿದಿರಬಹುದು, ಹೇಳಲಾಗುವುದಿಲ್ಲ" ಎಂದು ಸೇರಿಸಿದಳು. ಆಮೇಲೆ ಚೀಲದಿಂದ ಪೆನ್ನು ತೆಗೆದು ಎರಡು ಹಾಳೆಗಳ ಹಿಂಭಾಗದಲ್ಲಿಯೂ ಆ ದಿನದ ತಾರೀಖು, ಎಲ್ಲಿ ಸಿಕ್ಕಿತೆಂಬ ಷರಾ, ಒಂದು ಮತ್ತು ಎರಡು ಎಂಬ ಅಂಕೆಗಳನ್ನು ಬರೆದಳು. ಬರುವ ಬುಧವಾರ ಗಾರೆ ಕೀಳುವವರು ಬರುತ್ತಾರೆ. ಎಣಿಸಿದ ಲೆಕ್ಕವನ್ನು ಬರೆಯುವುದಕ್ಕೆಂದು ಅವಳು ಮೂರನೆಯ ಹಾಳೆಯೊಂದನ್ನು ಖಾಲಿಯಾಗಿಯೇ ಟ್ರಂಕಿನ ಮೇಲೆ ಇಟ್ಟುಹೋಗಿದ್ದಾಳೆ.